ಹಳ್ಳಕ್ಕೆ ಜಾಗ ಬಿಟ್ಟ ಊರು: ಪಿಕರಿಂಗ್‌ನ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ನಾನು ಒಂದು ಹಳ್ಳದ ಇತಿಹಾಸ ಹೇಳ್ತೀನಿ. ರಾಜರಿಲ್ಲ, ಯುದ್ಧ ಇಲ್ಲ. ಆದ್ರೆ ಜಗಳ ಇದೆ, ದುಡ್ಡಿನ ಲೆಕ್ಕ ಇದೆ, ಮನೆ ಕಳ್ಕೊಳ್ಳೋ ಭಯ ಇದೆ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ರೆ, ಹೊರಗೆ ಮಳೆ ಬರ್ತಾ ಇದ್ರೆ, ಇನ್ನೂ ಒಳ್ಳೇದು.

2015ರ ಡಿಸೆಂಬರ್ 26. ಕ್ರಿಸ್‌ಮಸ್‌ನ ಮಾರನೇ ದಿನ. ಇಂಗ್ಲೆಂಡಿನ ಉತ್ತರ ಭಾಗ ಮುಳುಗ್ತಾ ಇತ್ತು. ಯಾರ್ಕ್, ಲೀಡ್ಸ್, ಹೆಬ್ಡನ್ ಬ್ರಿಡ್ಜ್ ಅಂತ ಊರಿನ ಮೇಲೆ ಊರಿನ ಹೆಸರು ಸುದ್ದಿಯಲ್ಲಿ ಬರ್ತಾ ಇತ್ತು. ಬೀದಿಯಲ್ಲಿ ದೋಣಿ, ಅಂಗಡಿಯೊಳಗೆ ಕೆಸರು. ಅದೇ ಯಾರ್ಕ್‌ಷೈರ್‌ನಲ್ಲಿ ಪಿಕರಿಂಗ್ ಅನ್ನೋ ಒಂದು ಪುಟ್ಟ ಪೇಟೆ ಇದೆ. ಜನಸಂಖ್ಯೆ ಸುಮಾರು 7,000. ಆ ಎರಡು ದಿನಗಳಲ್ಲಿ ಅಲ್ಲೂ 36 ಗಂಟೆಗಳಲ್ಲಿ ಸುಮಾರು 50 ಮಿಲಿಮೀಟರ್ ಮಳೆ ಬಿತ್ತು. ಹಿಂದೆ ಪದೇ ಪದೇ ಮುಳುಗಿದ್ದ ಊರು ಅದು. ಆದ್ರೆ ಈ ಸಲ ಹಳ್ಳ ಮನೆಯೊಳಗೆ ಬರಲಿಲ್ಲ.

ಪತ್ರಿಕೆಗಳು ತಕ್ಷಣ ಬರೆದವು: ಗೋಡೆ ಕಟ್ಟದೆ, ಮರದ ದಿಮ್ಮಿ ಅಡ್ಡ ಇಟ್ಟು ನೆರೆ ತಡೆದ ಊರು ಅಂತ. ಕೇಳೋಕೆ ಚೆನ್ನಾಗಿದೆ. ಆದ್ರೆ ನಿಜವಾದ ಕಥೆ ಇದಕ್ಕಿಂತ ಉದ್ದ ಇದೆ, ಇದಕ್ಕಿಂತ ಸ್ವಾರಸ್ಯವಾಗಿಯೂ ಇದೆ. ಬನ್ನಿ, ಮೊದಲಿಂದ ನೋಡೋಣ.

ಊರಿನ ಮಧ್ಯೆ ಹರಿಯೋ ಹಳ್ಳದ ಹೆಸರು ಪಿಕರಿಂಗ್ ಬೆಕ್. ‘ಬೆಕ್’ ಅಂದ್ರೆ ಹಳ್ಳ. ಇದು ಮೂಲತಃ ಇಂಗ್ಲಿಷ್ ಪದವಲ್ಲ. ಸಾವಿರ ವರ್ಷಕ್ಕೂ ಹಿಂದೆ ಸಮುದ್ರ ದಾಟಿ ಬಂದು ಉತ್ತರ ಇಂಗ್ಲೆಂಡಿನಲ್ಲಿ ನೆಲೆ ನಿಂತ ವೈಕಿಂಗ್‌ಗಳ ಭಾಷೆಯದ್ದು. ಅವರು ಹೋದ್ರು, ಅವರ ಪದ ಹಳ್ಳಕ್ಕೆ ಅಂಟ್ಕೊಂಡು ಉಳೀತು.

ಈ ಹಳ್ಳ ಉತ್ತರದ ಬೆಟ್ಟ ಪ್ರದೇಶದಿಂದ, ನಾರ್ತ್ ಯಾರ್ಕ್ ಮೂರ್ಸ್ ಅನ್ನೋ ಕುರುಚಲು ಬಯಲಿನಿಂದ ಇಳಿದು ಬರುತ್ತೆ. ಬರೋ ದಾರಿ ನ್ಯೂಟನ್‌ಡೇಲ್ ಅನ್ನೋ ಕಣಿವೆ. ಈ ಕಣಿವೆ ನೋಡಿದ್ರೆ ಯಾರಿಗಾದ್ರೂ ಒಂದು ಅನುಮಾನ ಬರಬೇಕು. ಇಷ್ಟು ಆಳವಾದ, ಕಡಿದಾದ ಕಣಿವೆಯನ್ನ ಇಷ್ಟು ಸಣ್ಣ ಹಳ್ಳ ಕೊರೆದಿರೋಕೆ ಸಾಧ್ಯನಾ? ಸಾಧ್ಯವಿಲ್ಲ. ಕೊರೆದದ್ದು ಹಿಮಯುಗದ ಕೊನೆಯಲ್ಲಿ ಕರಗಿದ ಹಿಮದ ನೀರು. ಆ ನೀರೆಲ್ಲ ಕೆಳಗಿನ ತಗ್ಗಿನಲ್ಲಿ ನಿಂತು ದೊಡ್ಡ ಸರೋವರವೇ ಆಗಿತ್ತು. ಭೂವಿಜ್ಞಾನಿಗಳು ಅದನ್ನ ‘ಲೇಕ್ ಪಿಕರಿಂಗ್’ ಅಂತಾರೆ. ಆ ಸರೋವರದ ಉಳಿಕೆಯ ದಡದಲ್ಲೇ, ಸ್ಟಾರ್ ಕಾರ್ ಅನ್ನೋ ಜಾಗದಲ್ಲಿ, ಸುಮಾರು 11 ಸಾವಿರ ವರ್ಷಗಳ ಹಿಂದೆ ಬೇಟೆಗಾರರು ಬದುಕಿದ್ದ ಕುರುಹುಗಳು ಸಿಕ್ಕಿವೆ. ಅದೇ ಕೆಸರಿನಲ್ಲಿ ಬೀವರ್ ಪ್ರಾಣಿಗಳ ಕುರುಹೂ ಇದೆ. ಬೀವರ್‌ಗಳ ಮಾತು ಕೊನೆಗೆ ಮತ್ತೆ ಬರುತ್ತೆ, ನೆನಪಿಟ್ಕೊಳ್ಳಿ.

ಅಂದ್ರೆ ಇಲ್ಲಿ ನೀರು ನಿಲ್ಲೋದು ಹೊಸದಲ್ಲ. ನೀರು ನಿಂತ ಜಾಗಕ್ಕೆ ಊರು ಬಂದಿದ್ದು ಆಮೇಲೆ.

ಹಾಗಾದ್ರೆ ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ನೀರು ಎಲ್ಲಿಗೆ ಹೋಗ್ತಿತ್ತು? ಅಕ್ಕಪಕ್ಕದ ತಗ್ಗಿಗೆ. ಪ್ರತಿ ಹಳ್ಳಕ್ಕೂ ಹೀಗೊಂದು ತಗ್ಗು ಜಮೀನು ಇರುತ್ತೆ. ಭೂಗೋಳದ ಪುಸ್ತಕದಲ್ಲಿ ಅದಕ್ಕೆ ಪ್ರವಾಹ ಬಯಲು ಅಂತಾರೆ. ಹಳ್ಳದ ನಿಜವಾದ ಅಗಲ ನಮಗೆ ಬೇಸಿಗೆಯಲ್ಲಿ ಕಾಣೋ ನೀರಿನಷ್ಟು ಮಾತ್ರ ಅಲ್ಲ, ಆ ಬಯಲೂ ಸೇರಿದ್ದು. ವರ್ಷದಲ್ಲಿ ಹತ್ತಿಪ್ಪತ್ತು ದಿನ ಮಾತ್ರ ಹಳ್ಳ ಅದನ್ನ ಬಳಸುತ್ತೆ. ಉಳಿದ ದಿನ ಖಾಲಿ ಬಿದ್ದಿರುತ್ತೆ. ಖಾಲಿ ಜಾಗ ಕಂಡ್ರೆ ಮನುಷ್ಯ ಸುಮ್ನೆ ಇರ್ತಾನಾ?

ಮೊದಲು ರೈಲು ಬಂತು. 1836ರಲ್ಲಿ ವಿಟ್ಬಿಯಿಂದ ಪಿಕರಿಂಗ್‌ಗೆ ರೈಲು ಹಳಿ ಹಾಕಿದ್ರು. ಎಂಜಿನಿಯರ್ ಯಾರು ಗೊತ್ತಾ? ಜಾರ್ಜ್ ಸ್ಟೀಫನ್‌ಸನ್. ಶುರುವಿನಲ್ಲಿ ಬೋಗಿ ಎಳೀತಿದ್ದದ್ದು ಕುದುರೆಗಳು. ಬೆಟ್ಟ ದಾಟೋಕೆ ಇರೋ ಒಂದೇ ಸಲೀಸು ದಾರಿ ನ್ಯೂಟನ್‌ಡೇಲ್ ಕಣಿವೆ, ಹಾಗಾಗಿ ಹಳ್ಳದ ಪಕ್ಕದಲ್ಲೇ ಹಳಿ. 1965ರಲ್ಲಿ ಆ ಮಾರ್ಗ ಮುಚ್ಚಿತು. 1973ರಲ್ಲಿ ರೈಲುಪ್ರಿಯರು ಸೇರಿ ಅದನ್ನ ಪಾರಂಪರಿಕ ರೈಲಾಗಿ ಮತ್ತೆ ಓಡಿಸಿದ್ರು. ಹ್ಯಾರಿ ಪಾಟರ್ ಸಿನಿಮಾದಲ್ಲಿ ಹಾಗ್ಸ್‌ಮೀಡ್ ಸ್ಟೇಷನ್ ಅಂತ ತೋರಿಸಿದ್ದು ಇದೇ ಲೈನಿನ ಗೋತ್‌ಲ್ಯಾಂಡ್ ಸ್ಟೇಷನ್ನನ್ನ. ಫ್ಯಾನ್‌ಗಳಿಗೆ ಅದು ಮಾಂತ್ರಿಕ ರೈಲು. ಹಳ್ಳದ ಕಡೆಯಿಂದ ನೋಡಿದ್ರೆ, ಕಿರಿದಾದ ಕಣಿವೆಯಲ್ಲಿ ಜಾಗ ಹಂಚ್ಕೊಳ್ಳೋಕೆ ಬಂದ ಇನ್ನೊಬ್ಬ ಬಾಡಿಗೆದಾರ.

ಆಮೇಲೆ ಬೆಟ್ಟದ ಮೇಲಿನ ಕಥೆ. ಅಲ್ಲಿ ಪೀಟ್ ಅನ್ನೋ ಮಣ್ಣಿದೆ. ಸಾವಿರಾರು ವರ್ಷ ಅರೆಬರೆ ಕೊಳೆತ ಗಿಡಗಳಿಂದಾದ, ಸ್ಪಂಜಿನಂಥ ಮಣ್ಣು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ಗೆ ಆಹಾರದ ಕೊರತೆಯ ಭಯ ಚೆನ್ನಾಗಿ ಅರ್ಥ ಆಗಿತ್ತು. ಯುದ್ಧ ಮುಗಿದ ಮೇಲೆ ಸರ್ಕಾರ ಹೇಳಿದ್ದು ಒಂದೇ: ಒಂದಿಂಚು ನೆಲವೂ ವ್ಯರ್ಥ ಆಗಬಾರದು. ಬ್ರಿಟನ್ನಿನ ಬೆಟ್ಟ ಪ್ರದೇಶಗಳಲ್ಲಿ ನೀರು ಬಸಿಯೋಕೆ ಉದ್ದುದ್ದ ಕಾಲುವೆ ತೋಡೋಕೆ ಸಹಾಯಧನವನ್ನೇ ಕೊಟ್ಟರು. 1919ರಲ್ಲಿ ಶುರುವಾದ ಅರಣ್ಯ ಆಯೋಗ ಸಾಲುಸಾಲಾಗಿ ಸೂಚಿಪರ್ಣಿ ಮರ ನೆಟ್ಟಿತು. ಹಾಗೆ ನೆಡುವಾಗಲೂ ಸಾಲಿನ ನಡುವೆ ಚರಂಡಿ ತೋಡೋದು ರೂಢಿ. ಇನ್ನು ಹೀದರ್ ಅನ್ನೋ ನೇರಳೆ ಹೂವಿನ ಪೊದೆ ಬೆಳೆಯೋ ಬಯಲುಗಳನ್ನ, ಬೇಟೆಯ ಹಕ್ಕಿಗಳಿಗೆ ಎಳೆ ಚಿಗುರು ಸಿಗಲಿ ಅಂತ, ಪಟ್ಟಿಪಟ್ಟಿಯಾಗಿ ಸುಡೋ ಪದ್ಧತಿ ಇತ್ತು. ಕೆಳಗೆ ಹೊಲಗಳ ಪಕ್ಕದಲ್ಲಿ ಹಳ್ಳವನ್ನ ನೇರ ಮಾಡೋದು, ಬಿದ್ದ ಮರ ಎತ್ತಿ ಹಾಕೋದು, ತಳ ಕೆರೆಯೋದು.

ಇದರಲ್ಲಿ ಯಾರದ್ದೂ ದುರುದ್ದೇಶ ಇರಲಿಲ್ಲ. ರೈತನಿಗೆ ಒಣ ಹೊಲ ಬೇಕಿತ್ತು, ದೇಶಕ್ಕೆ ಮರ ಬೇಕಿತ್ತು. ಒಂದೊಂದಾಗಿ ನೋಡಿದ್ರೆ ಎಲ್ಲವೂ ಸರಿ. ಒಟ್ಟಿಗೆ ನೋಡಿದ್ರೆ ಮಾತ್ರ ಚಿತ್ರ ಬೇರೆ. ಎಲ್ಲರೂ ತಮ್ಮ ಜಮೀನಿನ ನೀರನ್ನ ಆದಷ್ಟು ಬೇಗ ಪಕ್ಕದವರ ಕಡೆ ಸಾಗಿಸೋ ಕೆಲಸ ಮಾಡ್ತಿದ್ರು. ಎಲ್ಲರ ನೀರೂ ಒಟ್ಟಿಗೆ ಬಂದು ಸೇರೋ ಜಾಗ, ಕೆಳಗಿನ ಊರು.

ನಾನು ಇಲ್ಲಿ ಒಂದು ಸಣ್ಣ ವಿಜ್ಞಾನ ಹೇಳ್ಬೇಕು, ಯಾಕಂದ್ರೆ ಇಡೀ ಕಥೆ ಇದರ ಮೇಲೆ ನಿಂತಿದೆ. ಊರು ಮುಳುಗೋದು ಒಟ್ಟು ಎಷ್ಟು ನೀರು ಬಂತು ಅನ್ನೋದರಿಂದ ಮಾತ್ರ ಅಲ್ಲ, ಆ ನೀರು ಎಷ್ಟು ಹೊತ್ತಲ್ಲಿ ಬಂತು ಅನ್ನೋದರಿಂದ. ಸಿನಿಮಾ ಬಿಟ್ಟಾಗ ಥಿಯೇಟರ್ ಬಾಗಿಲು ನೆನಪಿಸ್ಕೊಳ್ಳಿ. ಐನೂರು ಜನ ಅರ್ಧ ಗಂಟೆಯಲ್ಲಿ ಹೊರಗೆ ಬಂದ್ರೆ ಏನೂ ತೊಂದ್ರೆ ಇಲ್ಲ. ಅದೇ ಐನೂರು ಜನ ಎರಡು ನಿಮಿಷದಲ್ಲಿ ನುಗ್ಗಿದ್ರೆ ನೂಕುನುಗ್ಗಲು. ಜನ ಅಷ್ಟೇ, ಬಾಗಿಲೂ ಅದೇ. ಹಳ್ಳದ ಸೇತುವೆಯೂ ಒಂದು ಬಾಗಿಲು. ಅದರ ಕೆಳಗೆ ಒಂದು ಗಂಟೆಯಲ್ಲಿ ಇಷ್ಟೇ ನೀರು ದಾಟೋಕೆ ಆಗೋದು. ನೆರೆಯ ಆ ತುತ್ತತುದಿಯನ್ನ ಸ್ವಲ್ಪ ಕತ್ತರಿಸಿದ್ರೆ ಸಾಕು, ಊರು ಉಳಿಯುತ್ತೆ.

ಪಿಕರಿಂಗ್‌ನಲ್ಲಿ ಅದು ಉಳೀಲಿಲ್ಲ. 1999ರಲ್ಲಿ ನೆರೆ. 2000ದಲ್ಲಿ ನೆರೆ. 2002ರಲ್ಲಿ ಮತ್ತೆ. 2007ರ ಜೂನ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು. ಆ ಒಂದು ನೆರೆಯಲ್ಲೇ ಸುಮಾರು 70 ಲಕ್ಷ ಪೌಂಡ್ ನಷ್ಟ. ಒಂಬತ್ತು ವರ್ಷದೊಳಗೆ ನಾಲ್ಕು ಸಲ. ಒಂದು ನೆರೆಯ ಗೋಡೆ ಒಣಗಿ, ಬಣ್ಣ ಬಳಿದು, ಹೊಸ ಕಾರ್ಪೆಟ್ ಹಾಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು.

ಇದಕ್ಕೆ ಎಂಜಿನಿಯರ್‌ಗಳ ಉತ್ತರ ಸಿದ್ಧ ಇತ್ತು. ಊರಿನ ಮಧ್ಯೆ ಹಳ್ಳದ ಎರಡೂ ಕಡೆ ಕಾಂಕ್ರೀಟ್ ಗೋಡೆ. ಖರ್ಚು ಸುಮಾರು 2 ಕೋಟಿ ಪೌಂಡ್. ಆದ್ರೆ ಸರ್ಕಾರದ ಹಣಕ್ಕೆ ಒಂದು ಪರೀಕ್ಷೆ ಇದೆ: ಖರ್ಚು ಮಾಡೋ ಪ್ರತಿ ಪೌಂಡಿಗೆ ಎಷ್ಟು ಪೌಂಡಿನ ನಷ್ಟ ತಪ್ಪುತ್ತೆ? ಆ ಲೆಕ್ಕದಲ್ಲಿ ದೊಡ್ಡ ನಗರಗಳು ಗೆಲ್ತವೆ, ಯಾಕಂದ್ರೆ ಒಂದು ಗೋಡೆಯ ಹಿಂದೆ ಸಾವಿರಾರು ಮನೆ. ಪಿಕರಿಂಗ್‌ನಲ್ಲಿ ಗೋಡೆಯ ಹಿಂದೆ ಇದ್ದದ್ದು ಕೆಲವೇ ಬೀದಿ. ಗೋಡೆಗೆ ಹಣ ಸಿಗಲಿಲ್ಲ.

ಈ ಲೆಕ್ಕ ತಪ್ಪು ಅಂತ ಹೇಳೋದು ಸುಲಭ. ನನಗೆ ಹಾಗನ್ನಿಸಲ್ಲ. ಇರೋ ಹಣದಲ್ಲಿ ಹೆಚ್ಚು ಜನರನ್ನ ಉಳಿಸಬೇಕು ಅನ್ನೋದು ನ್ಯಾಯವೇ. ಆದ್ರೆ ಆ ನ್ಯಾಯದ ಕೊನೆಯಲ್ಲಿ ಒಂದು ಸಣ್ಣ ಊರಿಗೆ ಸಿಗೋ ಸಂದೇಶ ಏನು? ನೀವು ಮುಳುಗೋದು ದೇಶಕ್ಕೆ ಅಗ್ಗ ಅಂತ. ಇನ್ನೊಂದು ವಿಷಯ. ಊರಲ್ಲಿ ಎಷ್ಟೋ ಜನರಿಗೆ ಆ ಗೋಡೆಯೇ ಇಷ್ಟ ಇರಲಿಲ್ಲ. ಹಳೇ ಕೋಟೆ, ಹಳ್ಳ, ಹಬೆಯ ರೈಲು ನೋಡೋಕೆ ಪ್ರವಾಸಿಗರು ಬರೋ ಪೇಟೆ ಅದು. ಹಳ್ಳವನ್ನ ಕಾಂಕ್ರೀಟ್ ಕಾಲುವೆ ಮಾಡಿದ್ರೆ ಬರೋರು ಏನು ನೋಡ್ಬೇಕು?

ಈ ಹೊತ್ತಿಗೇ ಊರಿಗೆ ಒಂದು ವಿಚಿತ್ರ ತಂಡ ಬಂತು. ಡರ್ಹಮ್, ಆಕ್ಸ್‌ಫರ್ಡ್, ನ್ಯೂಕ್ಯಾಸಲ್ ವಿಶ್ವವಿದ್ಯಾಲಯಗಳ ಸಂಶೋಧಕರು. ಜಲವಿಜ್ಞಾನಿ ಸ್ಟುವರ್ಟ್ ಲೇನ್, ಭೂಗೋಳ ತಜ್ಞೆ ಸಾರಾ ವಾಟ್‌ಮೋರ್ ಅದರಲ್ಲಿ ಪ್ರಮುಖರು. ಅವರ ಪ್ರಶ್ನೆ ಬರೀ ನೆರೆಯ ಬಗ್ಗೆ ಆಗಿರಲಿಲ್ಲ. ಸಾಮಾನ್ಯವಾಗಿ ತಜ್ಞರು ಉತ್ತರ ತಯಾರು ಮಾಡ್ಕೊಂಡು ಬರ್ತಾರೆ, ಜನರ ಮುಂದೆ ಸ್ಲೈಡ್ ತೋರಿಸ್ತಾರೆ, ‘ಅಭಿಪ್ರಾಯ ಹೇಳಿ’ ಅಂತಾರೆ. ಅದರ ಬದಲು, ಉತ್ತರ ಹುಡುಕೋ ಮೊದಲ ದಿನದಿಂದಲೇ ಊರಿನವರು ಜೊತೆಗಿದ್ರೆ ಏನಾಗುತ್ತೆ? 2007ರಲ್ಲಿ ಶುರುವಾದ ಆ ಗುಂಪಿಗೆ ರೈಡೇಲ್ ಫ್ಲಡ್ ರಿಸರ್ಚ್ ಗ್ರೂಪ್ ಅಂತ ಹೆಸರು. ವಿಜ್ಞಾನಿಗಳೂ ಊರವರೂ ಒಂದೇ ಮೇಜಿನ ಸುತ್ತ.

ನಾನು ಈ ಕಥೆ ಓದೋಕೆ ಶುರು ಮಾಡಿದ್ದು ಮರದ ದಿಮ್ಮಿಗಳ ಆಸೆಗೆ. ಆದ್ರೆ ನನ್ನನ್ನ ಹಿಡಿದು ಕೂರಿಸಿದ್ದು ಈ ಮೇಜು. ಊರವರು ತಂದದ್ದು ಫೋಟೋ, ವಿಡಿಯೋ, ನೆನಪು. ನೀರು ಮೊದಲು ಯಾವ ಮೂಲೆಯಿಂದ ಬರುತ್ತೆ, ಯಾವ ಸೇತುವೆಗೆ ಕಸ ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋ ಮಾಹಿತಿ. ವಿಜ್ಞಾನಿಗಳು ತಂದದ್ದು ಕಂಪ್ಯೂಟರ್ ಮಾದರಿ. ಅಲ್ಲಿವರೆಗೆ ಸಲಹೆಗಾರರ ವರದಿಗಳು ಊರಿನೊಳಗಿನ ಗೋಡೆಯ ಮೇಲೇ ಗಮನ ಇಟ್ಟಿದ್ದವು. ಗುಂಪು ಪ್ರಶ್ನೆಯನ್ನೇ ಬದಲಾಯಿಸಿತು: ಊರಿಗೆ ಬಂದ ನೀರನ್ನ ಹೇಗೆ ತಡೆಯೋದು ಅನ್ನೋ ಬದಲು, ಮೇಲೆ ಕಣಿವೆಯಲ್ಲೇ ಅದನ್ನ ಸ್ವಲ್ಪ ಹೊತ್ತು ಹೇಗೆ ಕೂರಿಸೋದು? ಒಟ್ಟಿಗೆ ಮಾದರಿ ಓಡಿಸಿ ನೋಡಿದ್ರು. ಕಣಿವೆಯುದ್ದಕ್ಕೂ ಸಣ್ಣ ಸಣ್ಣ ‘ಬಂಡ್’ ಕಟ್ಟಿದ್ರೆ ಊರಿನ ನೆರೆಯ ತುದಿ ಇಳಿಯುತ್ತೆ ಅಂತ ಕಂಡಿತು. 2008ರಲ್ಲಿ ಅದನ್ನ ಊರಿನ ಜನರ ಮುಂದೆ ಪ್ರದರ್ಶನಕ್ಕೂ ಇಟ್ಟರು.

‘ಬಂಡ್’ ಅಂದ ಕೂಡಲೇ ನಿಮಗೆ ಏನೋ ಪರಿಚಯದ ಪದ ಅನ್ನಿಸಿತಾ? ಅನ್ನಿಸಲೇಬೇಕು. ಇಂಗ್ಲಿಷಿಗೆ ಆ ಪದ ಹೋಗಿದ್ದೇ ನಮ್ಮ ಕಡೆಯಿಂದ. ಪರ್ಷಿಯನ್‌ನ ‘ಬಂದ್’ ಅಂದ್ರೆ ಕಟ್ಟು, ಬಂಧ. ಅದು ಹಿಂದೂಸ್ತಾನಿಯಲ್ಲಿ ಅಣೆ, ಏರಿ ಅನ್ನೋ ಅರ್ಥ ಪಡ್ಕೊಂಡು, ಬ್ರಿಟಿಷರ ಬಾಯಲ್ಲಿ ‘ಬಂಡ್’ ಆಗಿ ಅವರ ಊರಿಗೆ ಹೋಯ್ತು. ಕರ್ನಾಟಕ ಬಂದ್ ಅಂತೀವಲ್ಲ, ಆ ‘ಬಂದ್’ ಕೂಡ ಇದೇ ಬೇರಿನದು. ಯಾರ್ಕ್‌ಷೈರ್‌ನ ಜನ ತಮ್ಮ ಹಳ್ಳ ಉಳಿಸ್ಕೊಳ್ಳೋಕೆ ಕೈಗೆತ್ತಿಕೊಂಡ ಪದ ಇಂಡಿಯಾದಿಂದ ಹೋದದ್ದು. ನಮ್ಮ ಕೆರೆಯ ಮೂರು ಭಾಗ ನೆನಪಿಸ್ಕೊಳ್ಳಿ: ಏರಿ, ತೂಬು, ಕೋಡಿ. ಮಣ್ಣಿನ ಏರಿ ನೀರು ತಡೆಯುತ್ತೆ, ತೂಬಿನಿಂದ ಬೇಕಾದಷ್ಟು ಹೊರಗೆ ಹೋಗುತ್ತೆ, ಹೆಚ್ಚಾದ್ರೆ ಕೋಡಿ ಬೀಳುತ್ತೆ. ಪಿಕರಿಂಗ್ ಬಂಡ್‌ನದೂ ಇದೇ ವಿನ್ಯಾಸ. ಒಂದೇ ವ್ಯತ್ಯಾಸ: ನಮ್ಮ ಕೆರೆ ತುಂಬಿರಬೇಕು, ಅವರದ್ದು ಖಾಲಿ ಇರಬೇಕು. ಮಾಮೂಲಿ ದಿನ ಹಳ್ಳ ತೂಬಿನಲ್ಲಿ ಆರಾಮಾಗಿ ಹರಿದು ಹೋಗುತ್ತೆ. ನೆರೆ ಬಂದ ದಿನ ಮಾತ್ರ ತೂಬು ಸಾಲದೆ, ನೀರು ಹಿಂದಕ್ಕೆ ನಿಂತು ಬಯಲಿಗೆ ಹರಡುತ್ತೆ.

ಇದೇ ಸಮಯಕ್ಕೆ ಲಂಡನ್ನಿನಲ್ಲೂ ಗಾಳಿ ತಿರುಗಿತ್ತು. 2007ರ ನೆರೆ ಇಂಗ್ಲೆಂಡಿನ ಎಷ್ಟೋ ಭಾಗ ಮುಳುಗಿಸಿದ್ದರಿಂದ ಸರ್ಕಾರ ಸರ್ ಮೈಕಲ್ ಪಿಟ್ ಅವರಿಂದ ವಿಮರ್ಶೆ ಮಾಡಿಸಿತು. 2008ರಲ್ಲಿ ಬಂದ ಆ ವರದಿಯಲ್ಲಿ 92 ಶಿಫಾರಸುಗಳು. ಅದರಲ್ಲಿ 27ನೆಯದು ಹೇಳಿದ್ದು: ಪ್ರಕೃತಿಯ ಕ್ರಿಯೆಗಳ ಜೊತೆ ಸೇರಿ ಕೆಲಸ ಮಾಡಿ. ಪರಿಸರ ಇಲಾಖೆ ಇದನ್ನ ಪರೀಕ್ಷಿಸೋಕೆ ಮೂರು ಕಡೆ ಪ್ರಾಯೋಗಿಕ ಯೋಜನೆಗೆ ಹಣ ಕೊಟ್ಟಿತು. ಅದರಲ್ಲಿ ಒಂದು ಪಿಕರಿಂಗ್. 2009ರಲ್ಲಿ ಶುರುವಾಯ್ತು, ಹೆಸರು ‘ಸ್ಲೋಯಿಂಗ್ ದ ಫ್ಲೋ’, ಹರಿವನ್ನ ನಿಧಾನಿಸೋದು. ಮುಂದಾಳತ್ವ ಫಾರೆಸ್ಟ್ ರಿಸರ್ಚ್ ಸಂಸ್ಥೆಯದ್ದು. ಜೊತೆಗೆ ಪರಿಸರ ಏಜೆನ್ಸಿ, ರಾಷ್ಟ್ರೀಯ ಉದ್ಯಾನದ ಪ್ರಾಧಿಕಾರ, ಡರ್ಹಮ್ ವಿಶ್ವವಿದ್ಯಾಲಯ, ಸ್ಥಳೀಯ ಆಡಳಿತ. ನಮ್ಮಲ್ಲಿ ಜಲಾನಯನ ಕೆಲಸ ಮಾಡೋರು ಹೇಳೋ ಮಾತಿದೆಯಲ್ಲ, ಓಡೋ ನೀರನ್ನ ನಡೆಸು, ನಡೆಯೋ ನೀರನ್ನ ತೆವಳಿಸು, ತೆವಳೋ ನೀರನ್ನ ಇಂಗಿಸು ಅಂತ. ಅದೇ ಬುದ್ಧಿ.

ಈಗ ಕೆಲಸ ನೋಡೋಣ. ಕಾಡಿನೊಳಗಿನ ಸಣ್ಣ ತೊರೆಗಳಿಗೆ ಅಡ್ಡಲಾಗಿ ಮರದ ದಿಮ್ಮಿ, ಕೊಂಬೆಗಳ ಒಡ್ಡು ಹಾಕಿದ್ರು. ಪಿಕರಿಂಗ್ ಬೆಕ್ ಪ್ರದೇಶದಲ್ಲಿ 129, ಪಕ್ಕದ ಸೆವೆನ್ ನದಿಯ ಕಡೆ 38. ಇವು ಸೋರೋ ಒಡ್ಡುಗಳು. ಸೋರಬೇಕು ಅಂತಾನೇ ಕಟ್ಟಿದ್ದು. ದಿಮ್ಮಿಯ ಕೆಳಗೆ ಸಂದು ಇರುತ್ತೆ. ಮಾಮೂಲಿ ನೀರು, ಮೀನು ಆ ಸಂದಿನಲ್ಲಿ ಹೋಗ್ತವೆ. ನೀರು ಏರಿದಾಗ ಮಾತ್ರ ದಿಮ್ಮಿಗೆ ಬಡಿದು, ಪಕ್ಕಕ್ಕೆ ತಿರುಗಿ, ಮರಗಳ ನಡುವಿನ ತಗ್ಗಿಗೆ ನುಗ್ಗುತ್ತೆ. ಅಂದ್ರೆ ಹಳ್ಳಕ್ಕೂ ಅದರ ಬಯಲಿಗೂ ಕಡಿದು ಹೋಗಿದ್ದ ಸಂಬಂಧ ಮತ್ತೆ ಕೂಡುತ್ತೆ. ಬಯಲಲ್ಲಿ ನೀರು ಬೇರು, ಪೊದೆ, ಬಿದ್ದ ಎಲೆಗಳ ನಡುವೆ ತಡವರಿಸಿ ನಿಧಾನಕ್ಕೆ ಬರುತ್ತೆ. ಬೆಟ್ಟದ ಮೇಲಿನ ಕೊರಕಲುಗಳಲ್ಲಿ ಹೀದರ್ ಪೊದೆ ಕತ್ತರಿಸಿ ಕಂತೆ ಕಟ್ಟಿ 187 ಸಣ್ಣ ತಡೆ ಹಾಕಿದ್ರು. ಹಳ್ಳದ ಪಕ್ಕದಲ್ಲೂ ಹೊಲದಲ್ಲೂ ಗಿಡ ನೆಟ್ಟರು.

ಅಂದುಕೊಂಡಷ್ಟು ಗಿಡ ನೆಡೋಕೆ ಮಾತ್ರ ಆಗಲಿಲ್ಲ. ಗುರಿ ಇದಕ್ಕಿಂತ ಎಷ್ಟೋ ದೊಡ್ಡದಿತ್ತು. ನಕ್ಷೆಯ ಮೇಲೆ ಹಸಿರು ಬಣ್ಣ ಬಳಿಯೋದು ಸುಲಭ. ಆ ಹಸಿರಿನ ಕೆಳಗೆ ಯಾರದ್ದೋ ಹುಲ್ಲುಗಾವಲು ಇರುತ್ತೆ, ಯಾರದ್ದೋ ಕುರಿ ಮೇಯ್ತಿರುತ್ತೆ. ಒಂದು ಸಲ ಮರ ಬೆಳೆದ್ರೆ ಆ ನೆಲ ಮತ್ತೆ ಹೊಲ ಆಗೋದು ಕಷ್ಟ. ಕೆಳಗಿನ ಊರು ಒಣಗಿರಲಿ ಅಂತ ಮೇಲಿನವನು ತನ್ನ ಜಮೀನು ನೆನೆಸ್ಕೋಬೇಕು ಅಂದ್ರೆ, ಅವನು ಕೇಳೋ ಮೊದಲ ಪ್ರಶ್ನೆ ಸರಿಯಾದದ್ದೇ: ನನಗೇನು ಕೊಡ್ತೀರಿ? ಪ್ರವಾಹ ಬಯಲಿನ ಯಾವ ಯೋಜನೆಯೂ ಈ ಪ್ರಶ್ನೆ ದಾಟಿ ಹೋಗೋಕಾಗಲ್ಲ.

ಇನ್ನು ಬಂಡ್. ಗುಂಪಿನ ಕನಸು ಸಾಲುಸಾಲು ಸಣ್ಣ ಬಂಡ್‌ಗಳದ್ದು. ಆದ್ರೆ ಕಾನೂನು ಅಡ್ಡ ಬಂತು. ಬ್ರಿಟನ್‌ನಲ್ಲಿ 1975ರ ಜಲಾಶಯ ಕಾಯ್ದೆ ಇದೆ. ನೆಲಮಟ್ಟಕ್ಕಿಂತ ಮೇಲೆ ಒಂದು ಮಿತಿಗಿಂತ ಹೆಚ್ಚು ನೀರು ನಿಲ್ಲಿಸೋ ಯಾವುದೇ ಕಟ್ಟೆ ಜಲಾಶಯದ ಲೆಕ್ಕಕ್ಕೆ ಬರುತ್ತೆ, ವರ್ಷಕ್ಕೆ ಎರಡು ದಿನ ನೀರು ನಿಂತ್ರೂ ಸರಿ. ಒಡೆದ್ರೆ ಕೆಳಗಿನ ಊರಿನ ಗತಿ ಏನು ಅಂತ ಯೋಚಿಸಿದ್ರೆ ಆ ಕಟ್ಟುನಿಟ್ಟು ಅರ್ಥವಾಗುತ್ತೆ. ಆದ್ರೆ ಪ್ರತಿ ಸಣ್ಣ ಬಂಡ್‌ಗೂ ಅಷ್ಟು ಸುರಕ್ಷತೆ ಒದಗಿಸೋಕೆ ಹೋದ್ರೆ ಖರ್ಚು ಕೈ ಮೀರುತ್ತೆ. ವರ್ಷಗಟ್ಟಲೆ ವಿನ್ಯಾಸ ಬದಲಾಯ್ತು, ಜಾಗ ಬದಲಾಯ್ತು. ಕೊನೆಗೆ ಹಲವು ಸಣ್ಣದರ ಬದಲು ಒಂದು ದೊಡ್ಡದು ಅಂತ ತೀರ್ಮಾನ. ಊರಿಗಿಂತ ಮೇಲೆ ನ್ಯೂಟನ್‌ಡೇಲ್‌ನಲ್ಲಿ, 1,20,000 ಘನ ಮೀಟರ್ ನೀರು ಹಿಡಿಯೋ ಬಂಡ್. ಆ ಅಂಕಿ ನಮ್ಮ ಭಾಷೆಯಲ್ಲಿ ಹೇಳ್ಬೇಕಂದ್ರೆ 12 ಕೋಟಿ ಲೀಟರ್. 12,000 ಲೀಟರ್‌ನ ಟ್ಯಾಂಕರ್ ಲಾರಿ ಇದ್ರೆ 10,000 ಲಾರಿ. ಅದು ಮುಗಿದದ್ದು 2015ರಲ್ಲಿ. ಎಲ್ಲ ಸೇರಿದ್ರೂ ಖರ್ಚು ಆ ಗೋಡೆಯ ಒಂದು ಸಣ್ಣ ಪಾಲು.

ಅದೇ ವರ್ಷದ ಡಿಸೆಂಬರ್‌ನಲ್ಲೇ ಪರೀಕ್ಷೆ ಬಂತು. ಬಂಡ್ ಹಿಂದೆ ನೀರು ನಿಂತಿತು, ತೂಬಿನಿಂದ ನಿಧಾನಕ್ಕೆ ಇಳೀತು. ಯೋಜನೆಯವರು ಆಮೇಲೆ ವಿಶ್ಲೇಷಣೆ ಮಾಡಿ ಹೇಳಿದ್ದು: ನೆರೆಯ ತುದಿ ಶೇ 15ರಿಂದ 20ರಷ್ಟು ಇಳೀತು. ಅದರಲ್ಲಿ ಸುಮಾರು ಅರ್ಧ ಮೇಲಿನ ದಿಮ್ಮಿ, ಕಂತೆ, ಗಿಡಗಳ ಕೊಡುಗೆ, ಇನ್ನರ್ಧ ಬಂಡ್‌ನದು. ಇದೆಲ್ಲ ಇಲ್ಲದಿದ್ರೆ ಕೆಲವು ಮನೆ, ಹಳ್ಳದ ಪಕ್ಕದ ಬೆಕ್ ಐಲ್ ಮ್ಯೂಸಿಯಂಗೆ ನೀರು ನುಗ್ಗುವ ಸಾಧ್ಯತೆ ಇತ್ತು.

‘ಕೆಲವು ಮನೆ’ ಅನ್ನೋ ಮಾತು ಗಮನಿಸಿ. ಪತ್ರಿಕೆಯ ತಲೆಬರಹದಲ್ಲಿ ಇಡೀ ಊರು ಉಳಿದಿತ್ತು. ಲೆಕ್ಕದಲ್ಲಿ ಉಳಿದದ್ದು ಕೆಲವು ಮನೆ. ನಾನು ಈ ಎರಡನೇ ವಾಕ್ಯವನ್ನೇ ಹೆಚ್ಚು ನಂಬ್ತೀನಿ, ಹೆಚ್ಚು ಇಷ್ಟಪಡ್ತೀನಿ ಕೂಡ. ಆ ಕೆಲವು ಮನೆಯವರಿಗೆ ಅದು ಸಣ್ಣ ವಿಷಯ ಅಲ್ಲ.

ಅನುಮಾನ ಪಟ್ಟವರ ಮಾತಲ್ಲೂ ಹುರುಳಿದೆ. ಅದೇ ತಿಂಗಳ 5ನೇ ತಾರೀಖು ಕಂಬ್ರಿಯಾದ ಹಾನಿಸ್ಟರ್ ಪಾಸ್‌ನಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಮಳೆ ಬಿದ್ದಿತ್ತು, ಬ್ರಿಟನ್ನಿನ ದಾಖಲೆ ಅದು. ಅದರ ಮುಂದೆ ಪಿಕರಿಂಗ್‌ನ 50 ಮಿಲಿಮೀಟರ್ ಎಲ್ಲಿ? ಅಂಥ ಮಳೆ ಬಂದ್ರೆ ದಿಮ್ಮಿ, ಕಂತೆ, ಬಂಡ್ ಎಲ್ಲ ತುಂಬಿ ಕೋಡಿ ಬಿದ್ದು ಊರಿಗೆ ನೀರು ಬಂದೇ ಬರುತ್ತೆ. ಯೋಜನೆಯವರೂ ಇದನ್ನ ಮುಚ್ಚಿಟ್ಟಿಲ್ಲ. ಅವರ ಗುರಿ, ಯಾವುದೇ ಒಂದು ವರ್ಷದಲ್ಲಿ ಊರು ಮುಳುಗೋ ಸಾಧ್ಯತೆಯನ್ನ ಶೇ 25ರಿಂದ ಶೇ 4ಕ್ಕೆ ಇಳಿಸೋದು. ಶೇ 4 ಅಂದ್ರೆ 25 ವರ್ಷಕ್ಕೊಮ್ಮೆ ಅಂತ ಕೆಲವರು ಅಂದ್ಕೊಂಡು ನಿದ್ದೆ ಮಾಡ್ತಾರೆ. ಹಾಗಲ್ಲ. ಪ್ರತಿ ವರ್ಷವೂ ಹೊಸದಾಗಿ ದಾಳ ಉರುಳುತ್ತೆ. ಲೆಕ್ಕ ಹಾಕಿದ್ರೆ, 25 ವರ್ಷದಲ್ಲಿ ಒಮ್ಮೆಯಾದ್ರೂ ನೆರೆ ಬರೋ ಸಾಧ್ಯತೆ ಶೇ 64ರಷ್ಟು. ಆದ್ರೆ ಶೇ 25ರ ಹಳೇ ಲೆಕ್ಕದಲ್ಲಿ ಬರೀ ನಾಲ್ಕು ವರ್ಷದಲ್ಲೇ ಸಾಧ್ಯತೆ ಶೇ 68. ಒಂದು ಕುಟುಂಬಕ್ಕೆ ಈ ಎರಡರ ನಡುವಿನ ವ್ಯತ್ಯಾಸ, ಒಂದು ತಲೆಮಾರು ನೆಮ್ಮದಿಯಾಗಿ ಬದುಕೋ ಅವಕಾಶ.

ಇನ್ನೊಂದು ಎಚ್ಚರಿಕೆಯೂ ಬೇಕು. ನೀರು ನಿಧಾನಿಸೋದು ಎಲ್ಲ ಕಡೆ ಕಣ್ಣುಮುಚ್ಚಿ ಮಾಡೋ ಕೆಲಸ ಅಲ್ಲ. ಎರಡು ಹಳ್ಳ ಸೇರೋ ಜಾಗ ಇದೆ ಅಂದ್ಕೊಳ್ಳಿ. ಒಂದರ ನೀರು ಬೇಗ ಬಂದು ಹೋಗಿಬಿಡ್ತಿತ್ತು, ಇನ್ನೊಂದರದ್ದು ತಡವಾಗಿ ಬರ್ತಿತ್ತು. ನೀವು ಮೊದಲನೆಯದನ್ನ ತಡೆದು ನಿಧಾನ ಮಾಡಿದ್ರೆ? ಎರಡೂ ಒಂದೇ ಹೊತ್ತಿಗೆ ಬಂದು, ಮೊದಲು ಇಲ್ಲದ ನೆರೆ ನೀವೇ ಮಾಡಿದ ಹಾಗಾಗುತ್ತೆ. ಅದಕ್ಕೇ ಮಾದರಿ ಬೇಕು, ಅಳತೆ ಬೇಕು, ಯಾವ ತೊರೆಯಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು ಅನ್ನೋ ತೀರ್ಮಾನ ಬೇಕು. ದಿಮ್ಮಿಗಳು ಕೊಳೀತವೆ, ಜರುಗ್ತವೆ. ವರ್ಷವರ್ಷ ನೋಡ್ಕೊಳ್ಳೋ ಜನ ಬೇಕು. ಗೋಡೆ ಕಟ್ಟಿದ್ರೆ ರಿಬ್ಬನ್ ಕತ್ತರಿಸಿ ಫೋಟೋ ತೆಗೆಸ್ಕೊಂಡು ಮನೆಗೆ ಹೋಗಬಹುದು. ಬಯಲನ್ನ ಹಳ್ಳಕ್ಕೆ ವಾಪಸ್ ಕೊಟ್ರೆ, ಅದು ಮುಗಿಯದ ಸಂಸಾರ.

ಆಮೇಲೆ ಏನಾಯ್ತು? 2017ರಲ್ಲಿ ಇಂಗ್ಲೆಂಡಿನ ಪರಿಸರ ಏಜೆನ್ಸಿ ಇಂಥ ಕೆಲಸಗಳ ಪುರಾವೆಗಳನ್ನೆಲ್ಲ ಒಟ್ಟು ಮಾಡಿ ಪ್ರಕಟಿಸಿತು. ಸರ್ಕಾರ ಇದಕ್ಕೆಂದೇ 1.5 ಕೋಟಿ ಪೌಂಡ್ ಎತ್ತಿಟ್ಟಿತು. ಪಿಕರಿಂಗ್ ಜೊತೆಗೆ ಆಯ್ಕೆಯಾಗಿದ್ದ ಇನ್ನೊಂದು ಜಾಗ, ಸಾಮರ್‌ಸೆಟ್‌ನ ಹಾಲ್ನಿಕೋಟ್ ಎಸ್ಟೇಟ್, ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಅಲ್ಲಿ ಆಲರ್ ಅನ್ನೋ ಸಣ್ಣ ನದಿಯ ಒಂದು ಭಾಗದಲ್ಲಿ, ಮನುಷ್ಯ ತೋಡಿದ ನೇರ ಕಾಲುವೆಯನ್ನೇ ಮಣ್ಣು ಹಾಕಿ ಮುಚ್ಚಿದ್ರು. ನೀರು ತನಗೆ ಬೇಕಾದ ಕಡೆ, ಹತ್ತಾರು ಕವಲಾಗಿ, ಬಯಲ ತುಂಬ ಹರೀಲಿ ಅಂತ.

ಮತ್ತೆ, ಹೇಳಿದ್ನಲ್ಲ, ಬೀವರ್! ತುಪ್ಪಳಕ್ಕೂ ಮಾಂಸಕ್ಕೂ ಬೇಟೆಯಾಡಿ ಇಂಗ್ಲೆಂಡ್‌ನಲ್ಲಿ ಬೀವರ್ ಸಂತತಿ ಶತಮಾನಗಳ ಹಿಂದೆಯೇ ಅಳಿದು ಹೋಗಿತ್ತು. 2019ರಲ್ಲಿ ಪಿಕರಿಂಗ್ ಹತ್ತಿರದ ಕ್ರಾಪ್ಟನ್ ಕಾಡಿನಲ್ಲಿ ಬೇಲಿ ಹಾಕಿದ ಪ್ರದೇಶದೊಳಗೆ ಒಂದು ಜೋಡಿಯನ್ನ ಬಿಟ್ಟರು. ಹಲ್ಲಿನಲ್ಲಿ ಮರ ಕಡಿದು ತೊರೆಗೆ ಅಡ್ಡ ಹಾಕೋದು ಅವುಗಳ ಹುಟ್ಟುಗುಣ. ಎಂಜಿನಿಯರ್‌ಗಳು ಸಭೆ ಮಾಡಿ, ಮಾದರಿ ಓಡಿಸಿ, ಅನುಮತಿ ಪಡೆದು ಹಾಕಿದ ಒಡ್ಡುಗಳ ನಾಡಿನಲ್ಲಿ, ಆ ಕೆಲಸದ ಹಳೇ ಕೈಗಳು ಮತ್ತೆ ಕೆಲಸಕ್ಕೆ ಹಾಜರಾದವು.

ಈ ಕಥೆಯಿಂದ ನಾನು ಎತ್ತಿಟ್ಟುಕೊಂಡದ್ದು ದಿಮ್ಮಿಯ ತಂತ್ರಕ್ಕಿಂತ ಹೆಚ್ಚಾಗಿ ಯೋಜನೆ ಶುರುವಾದ ಕ್ರಮವನ್ನ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋದು ಎಲ್ಲ ಕಡೆ ಇರೋದೇ. ಪಿಕರಿಂಗ್‌ನವರೂ ನಾಲ್ಕು ಸಲ ಮುಳುಗಿದ ಮೇಲೇ ಎದ್ದದ್ದು. ಆದ್ರೆ ಎದ್ದ ಮೇಲೆ ಅವರು ಕೇಳಿದ ಪ್ರಶ್ನೆಗಳು ಒಳ್ಳೇವಿದ್ವು. ನೀರು ಮೊದಲು ಎಲ್ಲಿ ನಿಲ್ತಿತ್ತು? ಅಲ್ಲಿಂದ ಅದನ್ನ ಎಬ್ಬಿಸಿದ್ದು ಯಾವಾಗ, ಯಾತಕ್ಕೆ? ಈಗ ವಾಪಸ್ ಕೂರಿಸಬೇಕಂದ್ರೆ ಯಾರ ಜಮೀನು ನೆನೆಯುತ್ತೆ, ಅವರಿಗೆ ಯಾರು ಏನು ಕೊಡ್ಬೇಕು? ಈ ಪ್ರಶ್ನೆಗಳಿಗೆ ಉತ್ತರ ಬರೀ ಸ್ಯಾಟಲೈಟ್ ಚಿತ್ರದಲ್ಲಿ ಸಿಗಲ್ಲ. ಹಳೇ ನಕ್ಷೆ, ಹಳೇ ಫೋಟೋ, ವಯಸ್ಸಾದವರ ನೆನಪು, ಜಮೀನಿನ ದಾಖಲೆ ಎಲ್ಲ ಬೇಕು. ಅದಕ್ಕೇ ಇದನ್ನ ಇತಿಹಾಸದ ಎಪಿಸೋಡ್ ಅಂತ ಕರೆದದ್ದು.

ಅಂದ್ಹಾಗೆ ನಿಮ್ಮೂರ ಹಳ್ಳದ ಹೆಸರು ಏನು? ಅದರ ಬಯಲಲ್ಲಿ ಈಗ ಏನಿದೆ? ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ರೆ ಕೇಳಿ ನೋಡಿ, ನೀರು ಎಲ್ಲಿವರೆಗೆ ಬರ್ತಿತ್ತು ಅಂತ. ಅವರ ಉತ್ತರ ವಾಯ್ಸ್ ನೋಟ್‌ನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಮುಂದೊಂದು ದಿನ ಊರವರೂ ತಜ್ಞರೂ ಒಂದೇ ಮೇಜಿನ ಸುತ್ತ ಕೂತಾಗ ಅದು ಬೇಕಾಗುತ್ತೆ. ಇವತ್ತಿಗೆ ಇಷ್ಟು. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗ್ತೀನಿ.